ಹೊದಿಕೆ ಬಿಚ್ಚದ ಕುರ್ಚಿ

ಜಯನಗರದಲ್ಲಿ ಚಿಕಿತ್ಸಾಲಯ ನಡೆಸುವ ಡಾಕ್ಟರ್ ಸೇತುರಾಮರು ನಿಯಮಪಾಲನೆಯಲ್ಲಿ ಸಾಕ್ಷಾತ್ ಧರ್ಮರಾಯರು. ನಡೆಯಲಾರದವರ ವ್ಯಾಯಾಮಕ್ಕೆಂದು ಕಟ್ಟಿಸಿದ ಬೆಚ್ಚನೆಯ ನೀರಿನ ಕೊಳಕ್ಕೆ, ಗಾಲಿಕುರ್ಚಿ ಇಳಿಯುವಂಥ ಇಳಿಜಾರು ಬೇಕೆಂದು ನಿಯಮ ಹೇಳಿತು. ಕಟ್ಟಿಸಿದರು, ಅದರ ಬಾಯಲ್ಲಿ ತುಳಸಿಯ ಕುಂಡಗಳನ್ನು ಸಾಲಾಗಿ ಪ್ರತಿಷ್ಠಾಪಿಸಿದರು. ರೋಗಿಯನ್ನು ಕೂರಿಸಿ ನೀರಿಗಿಳಿಸುವ ಯಂತ್ರದ ಕುರ್ಚಿ ಬೇಕೆಂದಿತು. ತರಿಸಿದರು, ಹಾಳಾದೀತೆಂದು ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಲೇ ಇಲ್ಲ. ಆಯುಧಪೂಜೆಯ ಅರಿಸಿನ ಕುಂಕುಮವೂ ಹೊದಿಕೆಯ ಮೇಲೆಯೇ. ತಪಾಸಣೆಗೆ ಬಂದ ಅಧಿಕಾರಿಗಳು ಕುರ್ಚಿಗೆ ಹಾಕಿದ ಚೆಂಡುಹೂವಿನ ಹಾರವನ್ನು ಕಂಡು, ಕೈಮುಗಿದು, ಕಾಫಿ ಕುಡಿದು ಹೋಗುತ್ತಾರೆ. ಯಾವನಾದರೂ ರೋಗಿ ಆ ಕುರ್ಚಿಯತ್ತ ಬೆರಳು ತೋರಿಸಿದರೆ, "ಅದ್ಯಾಕೆ ಸಾರ್? ಎತ್ಕೊಳ್ಳೋಕೆ ನಾವಿಲ್ವಾ?" ಎಂದು ಡಾಕ್ಟರು ಇಬ್ಬರು ದಾಂಡಿಗರನ್ನು ಕೂಗುತ್ತಾರೆ, ಎತ್ತಿಸಿಕೊಂಡವರು ಸಂಕೋಚದಿಂದ ಕಣ್ಣು ಮುಚ್ಚಿದರೆ ಅದನ್ನು ಭಕ್ತಿಯೆಂದೇ ಭಾವಿಸುತ್ತಾರೆ. ಪಾರ್ಶ್ವವಾಯು ಬಡಿದ ಅವರ ಪತ್ನಿ ಸರಸ್ವತಿಯವರು ಮಾತ್ರ ದಿನವೂ ದಡದವರೆಗೆ ಬಂದು, ನೀರನ್ನು ನೋಡಿ, ಗಾಲಿಕುರ್ಚಿಯಲ್ಲೇ ಹಿಂದಿರುಗುತ್ತಿದ್ದರು. ಮೊನ್ನೆ ಡಾಕ್ಟರು ತಾವೇ ತೋಳು ಚಾಚಿದರು: "ಬಾರೇ, ನಾನಿಲ್ವಾ?" "ಇದ್ದೀರಿ ರೀ. ಆದ್ರೆ ನಾನೇನು ಅಕ್ಕಿ ಮೂಟೆನಾ? ಆ ಕುರ್ಚಿ ಹೊದಿಕೆ ಬಿಚ್ಚಿ. ನಾನೇ ಇಳೀತೀನಿ," ಎಂದರು ಆಕೆ. ಡಾಕ್ಟರು ಹಾರ ತೆಗೆದು, ಹೊದಿಕೆ ಹರಿದು, ಗುಂಡಿ ಒತ್ತಿದರು. ವರ್ಷಗಟ್ಟಲೆ ಹೊಚ್ಚಹೊಸದಾಗಿಯೇ ಉಳಿದಿದ್ದ ಯಂತ್ರ ಮಿಸುಕಲಿಲ್ಲ. ಸರಸ್ವತಿಯವರು ಸ್ವಾಧೀನವಿದ್ದ ಒಂದೇ ಕೈಯಿಂದ ಗಾಲಿಯನ್ನು ಹಿಂದಕ್ಕೆ ತಿರುಗಿಸಿದರು. "ಒಂದ್ನಿಮಿಷ ಇರೇ," ಎಂದಿತು ಡಾಕ್ಟರ ಧ್ವನಿ. ಮತ್ತು ಜನರನ್ನು ಎತ್ತುವುದನ್ನೇ ಸೇವೆಯೆಂದು ನಂಬಿದ್ದ ಆ ತೋಳುಗಳು, ಇಳಿಜಾರಿನ ಬಾಯಲ್ಲಿದ್ದ ತುಳಸಿಯ ಕುಂಡಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡತೊಡಗಿದವು.