ಸಣ್ಣಗೌಡರ ಮೂಗು

ಆ ಕಾಲದ ಶಾಲೆ ಎಂದ ಕೂಡಲೇ ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ. ಪಾಟಿ, ಮಾಸ್ತರರ ಛಡಿ, ಮಧ್ಯಾಹ್ನದ ಉಪ್ಪಿಟ್ಟು ಎಂದು ಒಂದೊಂದನ್ನೇ ಹೆಸರಿಸಿ ನಿಟ್ಟುಸಿರು ಬಿಡುತ್ತಾರೆ. ಬಿಡಲಿ, ಅವರ ಬಾಲ್ಯ ಅವರಿಗೆ. ನನಗೆ ಆ ದಿನಗಳು ನೆನಪಾದರೆ ಕಣ್ಣು ಒದ್ದೆಯಾಗುವುದಿಲ್ಲ, ಹಲ್ಲು ಕಚ್ಚಿಕೊಳ್ಳುತ್ತವೆ.

ಎಪ್ಪತ್ತರ ದಶಕ ಅರ್ಧ ದಾಟಿತ್ತು. ಅಣ್ಣಿಗೇರಿಯಿಂದ ಎರೆಹೊಲಗಳ ನಡುವೆ ಬಂಡಿದಾರಿ ಹಿಡಿದು ಬಂದರೆ ನಮ್ಮೂರು. ಅಲ್ಲಿಯ ಶಾಲೆಯಲ್ಲಿ ನಾನು ಏಳನೆಯ ಇಯತ್ತೆಯಲ್ಲಿದ್ದೆ. ನಮ್ಮ ಕೇರಿಯಿಂದ ಅಷ್ಟು ಮೇಲಿನ ಇಯತ್ತೆಗೆ ಬಂದ ಮೊದಲ ಹುಡುಗಿ ನಾನೇ. ಯಾವ ಕೇರಿ ಎಂದರೆ, ಸತ್ತ ದನ ಎಳೆಯಬೇಕಾದಾಗ ಊರಿನವರು ಕೂಗಿ ಕರೆಯುತ್ತಿದ್ದ, ಬಾವಿಯ ಹತ್ತಿರ ಬಂದರೆ ಕೂಗಿ ಓಡಿಸುತ್ತಿದ್ದ ಕೇರಿ. ಆ ವರ್ಷದ ಕೊನೆಗೆ ಮುಲ್ಕಿ ಪರೀಕ್ಷೆ. ಅದರಲ್ಲಿ ಪಾಸಾದರೆ ಅಣ್ಣಿಗೇರಿಯ ಹೈಸ್ಕೂಲು, ಇಲ್ಲದಿದ್ದರೆ ಗೌಡರ ಹೊಲದಲ್ಲಿ ಹತ್ತಿ ಬಿಡಿಸುವುದು. ನನ್ನ ಮುಂದೆ ಇದ್ದದ್ದು ಈ ಎರಡೇ ದಾರಿ.

ನನ್ನಪ್ಪ ಭೀಮಪ್ಪ, ಗೌಡರ ಮನೆಯಲ್ಲಿ ವರ್ಷಗಟ್ಟಲೆ ದುಡಿದ ಆಳು. ಕೂರಿಗೆ ಹಿಡಿದು ಬಿತ್ತಿದರೆ ಅವನ ಸಾಲು ಎಲ್ಲಿಯೂ ಸೊಟ್ಟಗಾಗುತ್ತಿರಲಿಲ್ಲ. ಗೌಡರ ಜೋಡಿ ಕಿಲಾರಿ ಎತ್ತುಗಳನ್ನು ಕರುಗಳಿದ್ದಾಗಿನಿಂದ ಸಾಕಿದವನು ಅವನೇ. ನಮಗೆ ಖಾರದ ಹಿಂಡಿ ರೊಟ್ಟಿ ಸಿಗದ ದಿನವೂ ಅವಕ್ಕೆ ಹತ್ತಿಕಾಳು ತಪ್ಪಿಸುತ್ತಿರಲಿಲ್ಲ. ಗೌಡರ ಮಗ ಶಿವನಗೌಡ ನನ್ನದೇ ವರ್ಗದಲ್ಲಿದ್ದ. ಊರೆಲ್ಲ ಅವನನ್ನು ಸಣ್ಣಗೌಡ್ರು ಎನ್ನುತ್ತಿತ್ತು. ಮೀಸೆಯೂ ಮೂಡದ ಹುಡುಗ, ನನ್ನಪ್ಪನನ್ನು ಕರೆಯುತ್ತಿದ್ದದ್ದು ‘ಭೀಮ್ಯಾ’ ಎಂದು.

ಎತ್ತು ಹೊಡೆದುಕೊಂಡು ಅಪ್ಪ ಶಾಲೆಯ ಮುಂದೆ ಹಾಯುವ ಹೊತ್ತಿಗೆ ಅವನು ಕಿಟಕಿಯಿಂದ ಕೂಗುತ್ತಿದ್ದ.

“ಏ ಭೀಮ್ಯಾ, ನಿನ್ನ ಮಗಳು ಬಾಳ ಶಾಣ್ಯಾ ಆಗ್ಯಾಳಲಾ. ಆಕೀಗಿ ಶಗಣಿ ಬಳಿಯಾಕ ಬರತೈತೋ ಇಲ್ಲೋ?”

“ಬರತೈತ್ರಿ ಸಣ್ಣಗೌಡ್ರ,” ಎಂದು ಅಪ್ಪ ನಗುತ್ತಿದ್ದ.

ಹುಡುಗರೆಲ್ಲ ಹೋ ಎಂದು ನಗುತ್ತಿದ್ದರು. ಅವರ ನಗು ನನಗೆ ಅಷ್ಟು ತಾಗುತ್ತಿರಲಿಲ್ಲ. ಅಪ್ಪನ ನಗು ಮಾತ್ರ ಮೈಯೆಲ್ಲ ಉರಿಸುತ್ತಿತ್ತು.

ನಾವು ಕೇರಿಯ ಮಕ್ಕಳು ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಹತ್ತಿರ ಗೋಣಿತಟ್ಟು ಹಾಸಿಕೊಂಡು ಕೂರುತ್ತಿದ್ದೆವು. ನನ್ನ ತಟ್ಟಿನ ಕೆಳಗೆ ಜಾಲಿಮುಳ್ಳು ಇಡುವುದು ಶಿವನಗೌಡನ ಗೆಳೆಯರ ದಿನದ ಆಟ. ಅವರು ಚಿಣಿಫಣಿ, ಅಂದರೆ ಚಿನ್ನಿದಾಂಡು, ಆಡುವಾಗ ಚಿಣಿ ನಮ್ಮ ಕಾಲ ಬಳಿ ಬಿದ್ದರೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಬೇಸರವಾದ ದಿನ ನಮ್ಮ ಕಾಲಿಗೇ ಗುರಿಯಿಟ್ಟು ಹೊಡೆಯುತ್ತಿದ್ದರು. ಆಗೇನೂ ನೀರು ಬೇಕಾಗುತ್ತಿರಲಿಲ್ಲ. ಇನ್ನು ಎಲ್ಲರೂ ಹಾಡಿ ಹೊಗಳುವ ಆ ಗೋಧಿನುಚ್ಚಿನ ಉಪ್ಪಿಟ್ಟು. ಅದರ ಹಳದಿ ಎಣ್ಣೆಯ ವಾಸನೆಗೆ ನನ್ನ ಬಾಯಲ್ಲೂ ನೀರೂರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ನಮಗೆ ಅದು ಸಿಗುತ್ತಿದ್ದದ್ದು ಎಲ್ಲರದೂ ಆದ ಮೇಲೆ. ಸೌಟು ತಾಟಿಗೆ ತಾಗಬಾರದೆಂದು ಎತ್ತರದಿಂದ ಹಾಕುತ್ತಿದ್ದರು. ಅರ್ಧ ತಾಟಿಗೆ, ಅರ್ಧ ಮಣ್ಣಿಗೆ.

ಮೂಗು ಹಿಡಿದು ಕಪಾಳಕ್ಕೆ ಹೊಡೆಯುವ ಶಿಕ್ಷೆ ನಿಮಗೂ ನೆನಪಿರಬೇಕು. ಮಾಸ್ತರು ಪ್ರಶ್ನೆ ಕೇಳುತ್ತ ಬರುತ್ತಾರೆ. ಉತ್ತರ ಬಾರದವರು ನಿಂತೇ ಇರುತ್ತಾರೆ. ಸರಿಯಾಗಿ ಹೇಳಿದವರು ಎದ್ದು ಹೋಗಿ, ನಿಂತವರ ಮೂಗನ್ನು ಎಡಗೈಯಿಂದ ಹಿಡಿದು, ಬಲಗೈಯಿಂದ ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ ಹೊಡೆದವರಿಗೇ ಮಾಸ್ತರರ ಏಟು. ಹುಡುಗಿಯ ಕೈಯಲ್ಲಿ ಹೊಡೆಸಿದರೆ ಹುಡುಗರಿಗೆ ನಾಚಿಕೆ ಬಂದು ಓದುತ್ತಾರೆಂದು ಬೇಕೆಂದೇ ಹುಡುಗಿಯರನ್ನು ಎಬ್ಬಿಸುತ್ತಿದ್ದರು.

ನನ್ನನ್ನು ಮಾತ್ರ ಯಾರೂ ಎಬ್ಬಿಸಲಿಲ್ಲ. ನಮ್ಮ ಹಳೆಯ ಮಾಸ್ತರು ಊರಿನ ರೀತಿ ಬಲ್ಲವರು. ನಾನು ಸರಿಯಾಗಿ ಹೇಳಿದರೆ “ಶಾಣ್ಯಾಕಿ ಅದಿ, ಕೂಡು” ಎಂದು, ನನ್ನ ನಂತರ ಸರಿ ಹೇಳಿದವರನ್ನು ಹೊಡೆಯಲು ಕಳಿಸುತ್ತಿದ್ದರು. ನಾನು ತಪ್ಪು ಹೇಳಿದ ದಿನ, ಗೆದ್ದ ಹುಡುಗ ನನ್ನ ಮೂಗು ಹಿಡಿಯುತ್ತಿರಲಿಲ್ಲ. ದೂರ ನಿಂತು ಫೂಟಪಟ್ಟಿಯಿಂದ ಕೆನ್ನೆಗೆ ಬಾರಿಸುತ್ತಿದ್ದ. ಕೈಗಿಂತ ಕಟ್ಟಿಗೆಯ ಪಟ್ಟಿಯ ಏಟು ಎಷ್ಟು ಹೆಚ್ಚು ಎಂಬುದು ತಿಂದವರಿಗೆ ಗೊತ್ತು. ಶಿವನಗೌಡ ಅದರ ಅಂಚಿನಿಂದ ಹೊಡೆಯುತ್ತಿದ್ದ. ಅದಕ್ಕಾಗಿಯೇ ನಾನು ತಪ್ಪು ಹೇಳುವುದನ್ನು ಬಿಟ್ಟೆ. ನನ್ನ ವಿದ್ಯೆಯ ಮೂಲ ಸರಸ್ವತಿಯಲ್ಲ, ಆ ಫೂಟಪಟ್ಟಿ.

ಹಸಿ ಕಡಲೆ ಗಿಡ ಕಿತ್ತು ಸುಲಗಾಯಿ ಸುಟ್ಟು ತಿನ್ನುವ ದಿನಗಳಲ್ಲಿ ಹಳೆಯ ಮಾಸ್ತರು ನಿವೃತ್ತರಾಗಿ ನದಾಫ ಮಾಸ್ತರು ಬಂದರು. ಕುಂದಗೋಳದ ಕಡೆಯವರು, ಒಣಕಲು ಮೈ, ಸಿಡುಕು ಮೋರೆ. ಎಲ್ಲರನ್ನೂ ಒಂದೇ ಸಮ ಹೊಡೆಯುತ್ತಿದ್ದರು. ಊರಿನ ರೀತಿ ಅವರಿಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ.

ಬಂದ ಹೊಸದರಲ್ಲೇ ಒಂದು ಬೆಳಿಗ್ಗೆ ಮಗ್ಗಿ ಕೇಳಿದರು. ಹದಿನೇಳೆಂಟಲೇ ಎಷ್ಟು? ಒಬ್ಬೊಬ್ಬರೇ ಎದ್ದು ನಿಂತರು, ನಿಂತೇ ಉಳಿದರು. ಶಿವನಗೌಡ ಸೂರು ನೋಡಿದ. ಬಾಗಿಲ ಬಳಿಯಿಂದ ನಾನು “ನೂರಾ ಮೂವತ್ತಾರ್ರಿ” ಎಂದೆ.

“ಹಾಂ. ಹೋಗು, ಎಲ್ಲಾರ ಮೂಗ ಹಿಡಿ.”

ಮುಂದಿನ ಸಾಲಿನ ಹುಡುಗನೊಬ್ಬ, “ಸರ, ಆಕಿ ಹೊಡ್ಯಂಗಿಲ್ರಿ” ಎಂದ.

“ಯಾಕ? ಆಕೀಗೇನು ಕೈಯಿಲ್ಲೇನು?”

ಯಾಕೆ ಎಂಬುದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಆಗಲಿಲ್ಲ. ಅದು ರೇಡಿಯೋದಲ್ಲಿ ತುರ್ತು ಪರಿಸ್ಥಿತಿಯ ಮಾತು ಕೇಳಿಬರುತ್ತಿದ್ದ ವರ್ಷ. ಮುಟ್ಟಬಾರದು ಎನ್ನುವ ಮಾತನ್ನು ಸರಕಾರಿ ಮನುಷ್ಯನ ಮುಂದೆ ಆಡಬಾರದೆಂದು ಮನೆಗಳಲ್ಲಿ ಹೇಳಿಕೊಟ್ಟಿದ್ದರು. ನಾನು ಎದ್ದೆ. ಆ ಶಾಲೆಗೆ ಹೋದಷ್ಟು ವರ್ಷಗಳಲ್ಲಿ ಮೊದಲ ಸಲ ಬಾಗಿಲಿನಿಂದ ಒಳಗಿನ ಸಾಲುಗಳಿಗೆ ಕಾಲಿಟ್ಟೆ. ಒಬ್ಬೊಬ್ಬರ ಮೂಗು ಹಿಡಿದೆ, ಹೊಡೆದೆ. ಕುಸುಬಿ ಎಣ್ಣೆ ಹಚ್ಚಿದ ತಲೆಗಳು, ಬೆಳಗಿನ ಬೆಣ್ಣೆ ರೊಟ್ಟಿಯ ವಾಸನೆಯ ಬಾಯಿಗಳು. ಹತ್ತಿರದಿಂದ ನೋಡಿದರೆ ಎಲ್ಲರ ಮೂಗೂ ಸೋರುತ್ತಿತ್ತು.

ಶಿವನಗೌಡನ ಮುಂದೆ ನಿಂತಾಗ ಅವನು ನನಗಷ್ಟೇ ಕೇಳುವಂತೆ ಹೇಳಿದ. “ಮುಟ್ಟಿ ನೋಡು. ನಿಮ್ಮಪ್ಪ ನಾಳಿಂದ ಎಲ್ಲೆ ದುಡೀತಾನ ನೋಡತೇನಿ.”

ಮೂಗು ಹಿಡಿದೆ. ಅದರ ಮೇಲೆ ಉದುರಿದ್ದ ವಿಭೂತಿ ಬೆರಳಿಗೆ ಹತ್ತಿತು. ಹೊಡೆದೆ. ಮೆಲ್ಲಗೆ ಹೊಡೆಯಬಾರದೆಂಬುದು ಶಾಲೆಯ ನಿಯಮವಾಗಿತ್ತು, ನಾನು ನಿಯಮ ಮೀರಲಿಲ್ಲ. ಆ ಸದ್ದು ಇವತ್ತಿಗೂ ನನಗೆ ಸಿಹಿ. ಪಶ್ಚಾತ್ತಾಪದ ಮಾತು ಕೇಳಲು ಕಾದು ಕುಳಿತವರು ಇಲ್ಲಿಗೇ ಓದು ನಿಲ್ಲಿಸಬಹುದು.

ಸಂಜೆ ಗೌಡರ ಮನೆಯಿಂದ ಕರೆ ಬಂತು. ಅವರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಅಪ್ಪ, ನಾನು ಕೆಳಗೆ ಅಂಗಳದ ಅಂಚಿನಲ್ಲಿ ನಿಂತೆವು. ಗೌಡರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಭೀಮ್ಯಾ, ಮಕ್ಕಳ ಆಟ ಅದು. ಕಾಲಾನೂ ಛಲೋ ಇಲ್ಲ, ನಾ ಏನೂ ಮಾಡೂದಿಲ್ಲ. ಆದರ ಕೊಟ್ಟದ್ದು ತಿರುಗಿ ಹೋಗಬೇಕು. ನಾಳೆ ಎಲ್ಲಾ ಹುಡುಗರ ಮುಂದ ನಮ್ಮಾಂವ ಈಕೀಗಿ ಹೊಡೀಲಿ. ಅಲ್ಲಿಗೆ ಮುಗೀತು. ಇಲ್ಲಾಂದ್ರ ಸಾಲಿ ಬಿಡಸು, ಹೊಲಕ್ಕ ಕಳಸು.”

“ಹೌದ್ರಿ ಯಪ್ಪಾ,” ಎಂದ ಅಪ್ಪ.

ಅಪ್ಪ ಮನೆಗೆ ಬಂದು ಅವ್ವನ ಮುಂದೆ ಹೇಳಿದ. ಅವ್ವ ಹಂಚಿನ ಮೇಲಿನ ರೊಟ್ಟಿ ಹೊತ್ತಿದರೂ ತಿರುವಿ ಹಾಕಲಿಲ್ಲ.

“ಹೊಡಿಸ್ಕೊಂಡ ಬಾ,” ಎಂದಳು ಆಮೇಲೆ. “ಪರೀಕ್ಷಾಕ್ಕ ಕುಂದ್ರಬೇಕಂದ್ರ ಹೊಡಿಸ್ಕೊಂಡ ಬಾ. ಆದರ ಅಳಬ್ಯಾಡ ಮತ್ತ.”

ಮರುದಿನ ಗೌಡರೇ ಶಾಲೆಗೆ ಬಂದು ಮಾಸ್ತರರ ಕುರ್ಚಿಯಲ್ಲಿ ಕುಳಿತರು. ಶಿವನಗೌಡ ಮೇಜಿನ ಮೇಲಿನ ಫೂಟಪಟ್ಟಿ ಎತ್ತಿಕೊಂಡು, ಅಂಚು ಮುಂದೆ ಮಾಡಿ ಹಿಡಿದ. ನನ್ನನ್ನು ಕರೆದು ನಡುವೆ ನಿಲ್ಲಿಸಿದರು.

ನದಾಫ ಮಾಸ್ತರು ಅವನ ಕೈಯಿಂದ ಪಟ್ಟಿ ಕಸಿದುಕೊಂಡರು. “ಗೌಡ್ರ, ಇದು ನನ್ನ ಕೈಯಾಗ ಅಷ್ಟ ಇರೂದ್ರಿ. ಹುಡುಗರು ಹುಡುಗರಿಗೆ ಹೊಡಿಯೂದಾದರ ಮೂಗ ಹಿಡದು ಕೈಲೆ ಹೊಡೀಬೇಕು. ನಿನ್ನೆ ಈಕಿ ಹಂಗ ಹೊಡದಾಳ್ರಿ.”

ಅವರು ನನ್ನ ಪರ ಇದ್ದವರೆಂದು ಯಾರೂ ತಿಳಿಯಬಾರದು. ಸ್ವಲ್ಪ ದಿನದಲ್ಲೇ ಶುದ್ಧಬರಹ ತಪ್ಪಿದ್ದಕ್ಕೆ ನನ್ನ ಬೆರಳ ಗೆಣ್ಣಿನ ಮೇಲೆ ಅದೇ ಪಟ್ಟಿ ಮುರಿದರು. ತಮ್ಮ ವರ್ಗದಲ್ಲಿ ಇನ್ನೊಬ್ಬರ ಕಾರುಬಾರು ನಡೆಯಬಾರದು, ಅವರಿಗೆ ಬೇಕಾದದ್ದು ಅಷ್ಟೇ.

ಶಿವನಗೌಡ ನನ್ನ ಮುಂದೆ ನಿಂತ. ಹೊಡೆಯಬೇಕೆಂದರೆ ಮೂಗು ಹಿಡಿಯಬೇಕು. ಮೂಗು ಹಿಡಿಯಬೇಕೆಂದರೆ ತನ್ನ ಅಪ್ಪನ ಕಣ್ಣ ಮುಂದೆ, ಇಡೀ ವರ್ಗದ ಮುಂದೆ, ತಾನಾಗಿ ಕೈಚಾಚಿ ನನ್ನನ್ನು ಮುಟ್ಟಬೇಕು. ನಿನ್ನೆ ನಾನು ಮುಟ್ಟಿದ್ದಕ್ಕೆ ಅವನನ್ನು ಮನೆ ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದಿದ್ದರಂತೆ. ಇವತ್ತು ತಾನೇ ಮುಟ್ಟಿದರೆ ಯಾವ ನೀರು ಸುರಿಯುತ್ತಾರೆ? ಅವನು ತಂದೆಯ ಮುಖ ನೋಡಿದ. ಗೌಡರು ಕಿಟಕಿಯ ಹೊರಗೆ ನೋಡಿದರು.

ನಾನು ಮುಖ ಎತ್ತಿ ಮುಂದೆ ಚಾಚಿದೆ. ನನ್ನಪ್ಪನ ದನಿಯಲ್ಲೇ ಹೇಳಿದೆ.

“ಹಿಡೀರಿ, ಸಣ್ಣಗೌಡ್ರ.”

ಅವನ ಕೈ ಅರ್ಧಕ್ಕೆ ಬಂತು. ಅಲ್ಲಿಯೇ ನಿಂತಿತು.

ಗೌಡರು ಎದ್ದು, “ನಡೀಲೇ” ಎಂದು ಹೊರಟರು. ಅವನು ಹಿಂದೆ ಓಡಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಗೆಳೆಯನೇ ಇರಬೇಕು. ಅಂಥ ಗೆಳೆತನ ಅವರದು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನೂ ಆ ದಿನಗಳನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದೆನೋ ಏನೋ. ಆ ಸಂಜೆಯೇ ಗೌಡರು ಅಪ್ಪನಿಗೆ ನಾಳೆಯಿಂದ ಬರಬೇಡ ಎಂದರು. ಸುಗ್ಗಿಯ ನಡುವೆ, ಕೈಗಳು ಸಾಲದಿದ್ದ ಕಾಲದಲ್ಲಿ, ಊರಿನ ಒಂದು ಮನೆಯೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಬೇಸಿಗೆಯಲ್ಲಿ ನದಾಫ ಮಾಸ್ತರರಿಗೆ ದುಮ್ಮವಾಡದ ಕಡೆ ವರ್ಗವಾಯಿತು. ನಾನು ಮುಲ್ಕಿ ಪಾಸಾದೆ. ಆ ಹೊತ್ತಿಗೆ ನಾವು ಅಣ್ಣಿಗೇರಿಯಲ್ಲಿ ಒಂದು ತಗಡಿನ ಗೂಡಿನಲ್ಲಿದ್ದೆವು. ಅಪ್ಪ ಕಾಳುಕಡಿ ಮಾರುವ ಅಡತಿ ಅಂಗಡಿಗಳಲ್ಲಿ ಚೀಲ ಹೊರುವ ಹಮಾಲನಾಗಿದ್ದ.

ಒಂದು ಸಂಜೆಯನ್ನು ನಾನು ಮರೆಯುವುದಿಲ್ಲ. ಹೈಸ್ಕೂಲಿನಿಂದ ಬರುತ್ತ ಅಪ್ಪನನ್ನು ನೋಡಲು ಅಡತಿಯ ಕಡೆ ಹೋಗಿದ್ದೆ. ನಮ್ಮೂರ ಗೌಡರ ಬಂಡಿ ಕಡಲೆ ಹೇರಿಕೊಂಡು ಬಂದು ನಿಂತಿತ್ತು. ಅಪ್ಪ ಬೆನ್ನ ಮೇಲಿನ ಚೀಲ ಇಳಿಸಿ, ಓಡಿ ಹೋಗಿ ಎತ್ತಿನ ಕೊರಳ ಕೆಳಗಿನ ಗಂಗೆದೊಗಲು ಸವರಿದ. ಎತ್ತು ಅವನ ಅಂಗೈ ನೆಕ್ಕಿತು. ಬಂಡಿಯ ಮೇಲಿದ್ದ ಹೊಸ ಆಳು, “ಮುಟ್ಟಬ್ಯಾಡ ಭೀಮಪ್ಪಾ, ಗೌಡ್ರಿಗೆ ಗೊತ್ತಾದ್ರ ನನಗ ಬೈತಾರ” ಎಂದ. ಅಪ್ಪ ಕೈ ತೆಗೆದ. ಎತ್ತು ಕತ್ತು ಚಾಚಿ ಇನ್ನೂ ಆ ಕೈಯನ್ನು ಹುಡುಕುತ್ತಿತ್ತು.

ಅಪ್ಪ ನನಗೆ ಒಂದು ದಿನವೂ ಬೈಯಲಿಲ್ಲ. ಮತ್ತೆ ಕೂರಿಗೆಯನ್ನೂ ಹಿಡಿಯಲಿಲ್ಲ. ಆ ಒಂದು ಏಟಿನಿಂದ ಅಪ್ಪನ ಬಾಳು ಹಾಳಾಯಿತು ಎಂದು ನೆಂಟರು ಆಡಿಕೊಂಡದ್ದುಂಟು. ಹಾಳು ಮಾಡಿದವರ ಹೆಸರು ಹೇಳಲು ಅವರಿಗೂ ಧೈರ್ಯವಿರಲಿಲ್ಲ.

ನಾನೂ ಮುಂದೆ ಶಿಕ್ಷಕಿಯಾದೆ, ನಿವೃತ್ತಳೂ ಆದೆ. ನನ್ನ ವರ್ಗದಲ್ಲಿ ಯಾರೂ ಯಾರ ಮೂಗನ್ನೂ ಹಿಡಿಯಲಿಲ್ಲ. ಹೋದ ವರ್ಷ ಊರಿನ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟ. ನನಗೂ ಕರೆ ಬಂದಿತ್ತು. ಹೊಸ ಕಟ್ಟಡ, ಬಾಗಿಲ ಬಳಿಯೂ ಫರಸಿಕಲ್ಲು ಹಾಸಿದ್ದಾರೆ, ನಾನು ಕೂರುತ್ತಿದ್ದ ಜಾಗದ ಗುರುತೇ ಸಿಗಲಿಲ್ಲ. ಶಿವನಗೌಡರು ವೇದಿಕೆಯ ಮೇಲೆ ಮಾತಾಡಿದರು. ಎಂಥ ಚಂದದ ದಿನಗಳು ಅವು, ಬಡವ ಬಲ್ಲಿದ ಭೇದವಿರಲಿಲ್ಲ, ಎಲ್ಲರೂ ಒಟ್ಟಿಗೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದೆವು, ಅದೆಲ್ಲ ಈಗ ಎಲ್ಲಿ ಹೋಯಿತು ಎಂದು ಕಣ್ಣು ಒರೆಸಿಕೊಂಡರು. ಚಪ್ಪಾಳೆ ಬಿತ್ತು.

ಕೆಳಗಿಳಿದು ನನ್ನ ಬಳಿ ಬಂದರು. ಹೊಟ್ಟೆ ಬಂದಿದೆ, ತಲೆ ಬೋಳಾಗಿದೆ, ಮೂಗು ಹಾಗೆಯೇ ಇದೆ.

“ದ್ಯಾಮವ್ವ ಟೀಚರ್, ಆರಾಮ ಅದೀರಿ? ಅವತ್ತ ನನ್ನ ಮೂಗ ಹಿಡದು ಹೊಡದಿದ್ರಿ, ನೆನಪೈತೇನ್ರಿ?” ಎಂದು ಗಟ್ಟಿಯಾಗಿ ನಕ್ಕರು. ಸುತ್ತಲಿದ್ದವರೂ ನಕ್ಕರು.

“ನೀವು ಹಿಡೀಲಿಲ್ಲರಿ,” ಎಂದೆ. “ನನಗ ಅದು ನೆನಪೈತಿ.”

ಅಷ್ಟರಲ್ಲಿ ಫೋಟೋ ತೆಗೆಯುವ ಹುಡುಗ ಬಂದು, ಇಬ್ಬರೂ ಇನ್ನಷ್ಟು ಹತ್ತಿರ ನಿಲ್ಲಿರಿ ಎಂದ. ನಾನು ನಿಂತಲ್ಲಿಯೇ ನಿಂತೆ. ನಡುವಿನ ಜಾಗ ಕೈಚಾಚಿದರೆ ಮುಟ್ಟುವಷ್ಟೇ ಇತ್ತು. ಅದನ್ನು ದಾಟುವುದು ನನ್ನ ಕೆಲಸವಲ್ಲ.