ಮಕರಪುರದಲ್ಲಿ ರಜೆಯ ದಿನ ತೆರೆದ ಹೋಟೆಲು

ಅಹಮದಾಬಾದಿನ ನರೋಡಾದಲ್ಲಿದ್ದ ನಮ್ಮ ಹೋಟೆಲನ್ನು ಮುಚ್ಚಿದ್ದು ಭೂಕಂಪವಾದ ವರ್ಷ. ಕಟ್ಟಡವೇನೂ ಬೀಳಲಿಲ್ಲ. ಆದರೆ ಅಡುಗೆಮನೆಯ ಮೂಲೆಯಿಂದ ಗಲ್ಲಾಪೆಟ್ಟಿಗೆಯ ಹಿಂದಿನವರೆಗೂ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಆಮೇಲೆ ಗಿರಾಕಿಗಳು ಒಳಗೆ ಕೂರಲು ಹೆದರಿದರು. ಹೊರಗೆ ಲಾರಿಯೊಂದು ಗಡಗಡ ಎಂದರೂ ಸಾಕು, ದೋಸೆಯ ಪ್ಲೇಟು ಹಿಡಿದುಕೊಂಡೇ ರಸ್ತೆಗೆ ಓಡುತ್ತಿದ್ದರು. ಕಟ್ಟಡ ಕೆಡವುತ್ತೇನೆ ಎಂದು ಮಾಲೀಕ ಹೇಳಿದ. ನನ್ನ ಗಂಡ ಕುಂದಾಪುರದ ಕಡೆಯಿಂದ ಬಂದು, ಚಿಕ್ಕಪ್ಪನ ಹೋಟೆಲಿನಲ್ಲಿ ದುಡಿದು ಕೆಲಸ ಕಲಿತು, ಸ್ವಂತದ್ದು ಅಂತ ಮಾಡಿಕೊಂಡಿದ್ದ ಮೊದಲ ಜಾಗ ಅದು. ಬೋರ್ಡು ಇಳಿಸುವ ದಿನ ಅವರು ಸ್ಟೂಲು ಹತ್ತಲು ಒಪ್ಪಲಿಲ್ಲ. ನಾನೇ ಹತ್ತಿ ಮೊಳೆ ಕಿತ್ತೆ.

ವಡೋದರಾದ ಮಕರಪುರದಲ್ಲಿ ಕಾರ್ಖಾನೆಗಳ ನಡುವೆ ಒಂದು ಮಳಿಗೆ ಖಾಲಿಯಿದೆ ಎಂದು ಊರಿನ ಕಡೆಯವರೊಬ್ಬರು ತಿಳಿಸಿದರು. ಹಿಂದೆ ಅಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಯಿತ್ತಂತೆ. ಸೋಡಾಪುಡಿ, ನಿಂಬೆಹಣ್ಣು, ಬಿಸಿನೀರು ಹಾಕಿ ಎಷ್ಟು ತಿಕ್ಕಿದರೂ ನೆಲದಿಂದ ಗ್ರೀಸಿನ ವಾಸನೆ ಹೋಗುತ್ತಿರಲಿಲ್ಲ.

ಪಕ್ಕದ ಮಳಿಗೆಯಲ್ಲಿ ಗುಜರಾತಿ ಊಟದ ಒಂದು ಡೈನಿಂಗ್ ಹಾಲ್ ಇತ್ತು. ಅದನ್ನು ನಡೆಸುತ್ತಿದ್ದವರು ವಯಸ್ಸಾದ ಒಬ್ಬ ವಿಧವೆ. ಎಲ್ಲರೂ ಅವರನ್ನು ಬಾ ಎನ್ನುತ್ತಿದ್ದರು, ಅಮ್ಮ ಅಂತ ಅರ್ಥ. ನಾವು ಸುಣ್ಣ ಬಳಿಯುವಾಗ, ಮೇಜು ಇಳಿಸುವಾಗ ಅವರು ನಮ್ಮತ್ತ ತಿರುಗಿಯೂ ನೋಡಲಿಲ್ಲ. ನಾನು ನಕ್ಕರೆ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದರು.

"ಅವರಿಗೆ ನಮ್ಮ ಮೇಲೆ ಸಿಟ್ಟು ಉಂಟು," ಎಂದೆ ಗಂಡನಿಗೆ.

"ಇರದೇ ಎಂತ? ಪಕ್ಕದಲ್ಲೇ ಇನ್ನೊಂದು ಹೋಟ್ಲು ಬಂದ್ರೆ ಯಾರಿಗೆ ಖುಷಿ ಆಗ್ತದೆ ಮಾರಾಯ್ತಿ?" ಎಂದರು.

ಊರಿನ ಭಟ್ಟರಿಗೆ ಫೋನು ಮಾಡಿ ಮುಹೂರ್ತ ಕೇಳಿದೆವು. ಅವರು ಹೇಳಿದ ದಿನ ಬೆಳಿಗ್ಗೆ ದೀಪ ಹಚ್ಚಿ, ತೆಂಗಿನಕಾಯಿ ಒಡೆದು ಬಾಗಿಲು ತೆರೆದೆವು. ಹಿಟ್ಟು ಚೆನ್ನಾಗಿ ಉಬ್ಬಿತ್ತು. ದೊಡ್ಡ ಪಾತ್ರೆ ತುಂಬ ಸಾಂಬಾರು ಕುದಿಯುತ್ತಿತ್ತು. ಇಡ್ಲಿಯ ಮೊದಲ ಸುತ್ತು ಬೆಂದಿತು, ಎರಡನೆಯದೂ ಬೆಂದಿತು. ರಸ್ತೆಯಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕಾರ್ಖಾನೆಗಳ ಗೇಟುಗಳೆಲ್ಲ ಮುಚ್ಚಿದ್ದವು. ಬಾಗಿಲಿನಲ್ಲಿ ನಾನು ಹಾಕಿದ್ದ ರಂಗೋಲಿಯ ಮೇಲೆ ಒಂದು ನಾಯಿ ಆರಾಮಾಗಿ ಮಲಗಿತು. ಗಂಡ ಗಲ್ಲಾದಲ್ಲಿ ಕುಳಿತು, ಒರೆಸಿದ ಮೇಜನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಮೂರನೆಯ ಸುತ್ತಿಗೆಂದು ಎತ್ತಿದ ಸೌಟನ್ನು ನಾನು ಮತ್ತೆ ಹಿಟ್ಟಿನ ಪಾತ್ರೆಗೇ ಇಳಿಬಿಟ್ಟೆ.

ಅಷ್ಟರಲ್ಲಿ ಬಾ ಬಂದರು. ಹೊಸ್ತಿಲಿನ ಹೊರಗೇ ನಿಂತು, ಹಿಂದಿ ಗುಜರಾತಿ ಎರಡನ್ನೂ ಕಲಸಿ ಕೇಳಿದರು: "ಅರೆ ಬೇಟಾ, ಆಜೆ ತೋ ರಜಾ ಛೇ! ಇವತ್ತು ತೆರೆಯಿರಿ ಅಂತ ನಿಮಗೆ ಯಾರು ಹೇಳಿದರು?"

ವಿದ್ಯುತ್ತಿನ ಹೊರೆ ಹಂಚುವುದಕ್ಕೆಂದು ಒಂದೊಂದು ಕೈಗಾರಿಕಾ ಪ್ರದೇಶಕ್ಕೆ ವಾರದ ಒಂದೊಂದು ದಿನ ರಜೆ ಎನ್ನುವುದು ನಮಗೆ ಗೊತ್ತಿತ್ತು. ನರೋಡಾದಲ್ಲಿ ಅದನ್ನು ನೋಡಿಯೇ ಹಿಟ್ಟು ರುಬ್ಬುತ್ತಿದ್ದವರು ನಾವು. ಇಲ್ಲಿಗೆ ಬಂದ ಗಡಿಬಿಡಿಯಲ್ಲಿ ಪಂಚಾಂಗ ನೋಡಿದೆವು. ಇಲ್ಲಿನ ರಜೆ ಯಾವ ದಿನ ಎಂದು ಯಾರನ್ನೂ ಕೇಳಲಿಲ್ಲ.

"ಒಳಗೆ ಬನ್ನಿ ಬಾ," ಎಂದೆ.

ಅವರು ಅಲ್ಲಾಡಲಿಲ್ಲ. "ನಾನು ಇವತ್ತಿಗೆ ಅಂಗಡಿಯನ್ನೇ ಮುಚ್ಚಿಬಿಡುವವಳು. ಮುಚ್ಚುವವಳ ಮುಖ ತೆರೆಯುವವರು ನೋಡಬಾರದು ಅಂತ ಇಷ್ಟು ದಿನ ದೂರ ಇದ್ದೆ. ಈ ಖಾಲಿ ಮೇಜುಗಳನ್ನು ನೋಡಿ ತಡೆಯಲಾಗಲಿಲ್ಲ," ಎಂದರು.

ಮಹಾರಾಜ್ ಎಂದೇ ಕರೆಯುವ ಅವರ ಅಡುಗೆಭಟ್ಟರು ಕೆಲಸ ಬಿಟ್ಟು ರಾಜಸ್ಥಾನಕ್ಕೆ ಹೋಗಿಬಿಟ್ಟಿದ್ದರಂತೆ. ಒಬ್ಬರೇ ಅಲ್ಲಿನ ತೆಳು ಚಪಾತಿ ರೋಟ್ಲಿ ಲಟ್ಟಿಸಿ ಲಟ್ಟಿಸಿ ಮಣಿಕಟ್ಟು ಊದಿತ್ತು. ಸೂರತ್ತಿನಲ್ಲಿರುವ ಮಗ, ಸಾಕು ಬಂದುಬಿಡು ಎಂದಿದ್ದ. ಅಕ್ಕಪಕ್ಕದ ಕೋಣೆಗಳಲ್ಲಿ ಬಾಡಿಗೆಗಿರುವ ಒಂಟಿ ಕೆಲಸಗಾರರೆಲ್ಲ ಮಧ್ಯಾಹ್ನ ಅವರಲ್ಲಿ ಕೊನೆಯ ಊಟಕ್ಕೆ ಬರುವವರಿದ್ದರು.

ಬಾ ನಮ್ಮ ಸಾಂಬಾರಿನ ಪಾತ್ರೆಯತ್ತ ನೋಡಿದರು. "ನಿನ್ನ ಹತ್ತಿರ ಅಡುಗೆ ಇದೆ, ಉಣ್ಣುವವರಿಲ್ಲ. ನನ್ನ ಹತ್ತಿರ ಉಣ್ಣುವವರಿದ್ದಾರೆ, ಕೈಯಲ್ಲಿ ಶಕ್ತಿ ಇಲ್ಲ."

ಗಂಡ ಆಗಲೇ ಎದ್ದು ಪಾತ್ರೆಯ ಒಂದು ಬದಿ ಹಿಡಿದಿದ್ದರು. "ನೋಡ್ತಾ ನಿಂತದ್ದೆಂತ? ಆ ಕಡೆ ಹಿಡಿ," ಎಂದರು ನನಗೆ.

ನಾನು ಮಾತ್ರ ಮೊದಲ ಇಡ್ಲಿಯನ್ನು ಬಾ ತಿನ್ನಬೇಕು, ಅದೂ ನಮ್ಮ ಮೇಜಿನಲ್ಲಿ ಕುಳಿತೇ ತಿನ್ನಬೇಕು ಎಂದು ಹಠ ಹಿಡಿದೆ. ಕೈಹಿಡಿದು ಒಳಗೆ ಕರೆತಂದು ಕೂರಿಸಿದೆ. ಅವರು ಸಾಂಬಾರಿಗೆ ಬೆರಳದ್ದಿ ನೆಕ್ಕಿ, ಸ್ವಲ್ಪ ಯೋಚಿಸಿ, "ಚಾಲ್ಶೆ," ಎಂದರು. ನಡೆಯುತ್ತದೆ ಅಂತ. ಆಮೇಲೆ ತಟ್ಟೆ ಖಾಲಿ ಮಾಡಿ ಇನ್ನೆರಡು ಕೇಳಿದರು.

ಆ ಮಧ್ಯಾಹ್ನ ಅವರ ಡೈನಿಂಗ್ ಹಾಲ್‌ನಲ್ಲಿ ಇಡ್ಲಿಗೆ ಮಜ್ಜಿಗೆಯ ಕಢಿ ಸುರಿದುಕೊಂಡು ತಿಂದವರನ್ನು ಕಂಡೆ. ರೋಟ್ಲಿಗೆ ಚಟ್ನಿ ಹಚ್ಚಿದವರೂ ಇದ್ದರು. ಬಿಹಾರದ ಒಬ್ಬ ವೆಲ್ಡರ್ ಸಾಂಬಾರನ್ನು ಲೋಟದಲ್ಲಿ ಕುಡಿದ. ಊಟ ಮುಗಿದ ಮೇಲೆ ಬಾ ಎದ್ದು ನಿಂತು, "ನಾಳೆಯಿಂದ ಪಕ್ಕದಲ್ಲಿ ತಿನ್ನಿ. ಇವಳು ನನ್ನ ಸೊಸೆ ಇದ್ದ ಹಾಗೆ," ಎಂದರು. ಯಾರೋ ಹಿಂದಿನಿಂದ, "ರೋಟ್ಲಿ ಸಿಗುತ್ತದಾ?" ಎಂದು ಕೇಳಿದರು. ರೋಟ್ಲಿ ಮಾಡಲು ಬಾರದ ನಾನು ಇಡ್ಲಿಯ ಪಾತ್ರೆ ಎತ್ತಿಕೊಂಡೆ.

ಬಾ ಸೂರತ್ತಿಗೆ ಹೋದರು. ನಮ್ಮಲ್ಲಿ ಬೆಳಿಗ್ಗೆಯ ತಿಂಡಿಗೆ ಜನ ಸೇರತೊಡಗಿದರು. ಸಂಜೆ ಮಾತ್ರ ರೋಟ್ಲಿ ಹುಡುಕಿಕೊಂಡು ಬೇರೆ ಕಡೆ ಹೋಗುತ್ತಿದ್ದರು. ನಾನು ಪ್ರಯತ್ನಪಟ್ಟೆ, ಅದು ಹಪ್ಪಳವಾಗುತ್ತಿತ್ತು. ಬಾ ಆಗಾಗ ಫೋನು ಮಾಡಿ, ನಮ್ಮ ಆರೋಗ್ಯ ವಿಚಾರಿಸುವ ಮೊದಲೇ, "ರೋಟ್ಲಿ ಉಬ್ಬುತ್ತಾ?" ಎಂದು ಕೇಳುತ್ತಿದ್ದರು.

"ಇಲ್ಲ ಬಾ."

"ಹಿಟ್ಟಿಗೆ ಎಣ್ಣೆ ಕಮ್ಮಿ ಹಾಕ್ತಿದ್ದೀ. ನಿನಗೆ ಫೋನಿನಲ್ಲಿ ಹೇಳಿ ಆಗುವುದಿಲ್ಲ."

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬಸ್ಸಿನಿಂದಿಳಿದು, ಒಂದು ಚೀಲ ಹಿಡಿದುಕೊಂಡು ಅವರೇ ಬಂದುಬಿಟ್ಟರು. ಮಗ ಸೊಸೆ ಚೆನ್ನಾಗಿಯೇ ನೋಡಿಕೊಂಡಿದ್ದರು. "ಅಲ್ಲಿ ಕೂತು ಕೂತು ಕೈ ವಾಸಿಯಾಯಿತು. ವಾಸಿಯಾದ ಕೈ ಇಟ್ಟುಕೊಂಡು ಏನು ಮಾಡಲಿ?" ಎಂದರು. ಲಟ್ಟಣಿಗೆಯನ್ನು ನನ್ನ ಕೈಗೆ ಕೊಟ್ಟು, ತಾವು ಸ್ಟೂಲಿನ ಮೇಲೆ ಕುಳಿತು ಬೈಯುತ್ತ ಕಲಿಸಿದರು. ಒಂದು ವಾರಕ್ಕೆಂದು ಬಂದವರು ಹಿಂದಿರುಗುವ ಮಾತನ್ನೇ ಎತ್ತಲಿಲ್ಲ. ಅವರ ಹಳೆಯ ಮಳಿಗೆ ಇನ್ನೂ ಖಾಲಿಯೇ ಇತ್ತು. ಮಾಲೀಕರನ್ನು ಒಪ್ಪಿಸಿ ನಡುವಿನ ಗೋಡೆ ಒಡೆಸಿದೆವು.

ಒಡೆಸಿದ ಮೊದಲ ಸಂಜೆ ಬಂದವರಿಗೆ ಎಲ್ಲಿ ಕೂರಬೇಕೆಂದೇ ತಿಳಿಯದು. ದೋಸೆಯವರು ಆ ಕಡೆ, ರೋಟ್ಲಿಯವರು ಈ ಕಡೆ, ಎದ್ದು ಕೂತು ಗಲಾಟೆಯೋ ಗಲಾಟೆ. ಸಾಂಬಾರು ಬಡಿಸುತ್ತಿದ್ದ ಗಂಡ ಎಷ್ಟೋ ತಿಂಗಳ ಮೇಲೆ ಜೋರಾಗಿ ನಗುವುದು ಕೇಳಿಸಿತು. ಬಾ ಒಲೆಯ ಪಕ್ಕದಿಂದಲೇ, ನನ್ನಿಂದ ಕಲಿತ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು: "ಕೂತ್ಕೊಳ್ಳಿ, ಕೂತ್ಕೊಳ್ಳಿ! ಎಲ್ಲ ಉಂಟು!"