ಅರ್ಜಿಗೆ ಚನ್ನಬಸಮ್ಮ ಸೇರಿಸಿದ ಸಾಲು

ತಮಿಳುನಾಡಿಗೆ ಸೇರಿದ ಗಡಿಯೂರು ತಾಳವಾಡಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಚನ್ನಬಸಮ್ಮ ಇಪ್ಪತ್ತಾರು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಾಳೆ. ಬೆಳಿಗ್ಗೆ ದೊಡ್ಡಗಾಜನೂರಿನಿಂದ ಬಂದರೆ ಮನೆಗೆ ಮರಳುವುದು ಸಂಜೆಗೆ. ತಮ್ಮ ರುದ್ರಸ್ವಾಮಿ ಸತ್ಯಮಂಗಲದಲ್ಲಿ ಓದಿ ಮೇಷ್ಟ್ರಾಗಿದ್ದು ಅವಳ ದುಡಿಮೆಯಲ್ಲಿ. ಅದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ.

ಹೋದ ವರ್ಷ, ಫೆಬ್ರವರಿ ಸಂಬಳದಲ್ಲಿ ಆದಾಯ ತೆರಿಗೆಯೆಂದು ದೊಡ್ಡ ಮೊತ್ತ ಮುರಿದುಕೊಂಡ ವಾರವೇ, ರುದ್ರಸ್ವಾಮಿ ತನ್ನ ಶಾಲೆಯ ಮೇಷ್ಟ್ರುಗಳು ರುಜು ಹಾಕಿದ್ದ ಒಂದು ಅರ್ಜಿ ಹಿಡಿದು ಅಂಗಡಿಗೆ ಬಂದ. ತಮಿಳಿನಲ್ಲಿ ಬರೆದಿದ್ದನ್ನು ಅಕ್ಕನಿಗೆ ಕನ್ನಡದಲ್ಲಿ ವಿವರಿಸಿದ. ಆದಾಯ ತೆರಿಗೆ ಪೂರ್ತಿ ಹೋಗಬೇಕು. ದೇಶಕ್ಕೆಲ್ಲ ಒಂದೇ ತೆರಿಗೆ, ಅದೂ ಕೊಳ್ಳುವ ಸಾಮಾನಿನ ಮೇಲೆ ಮಾತ್ರ.

“ನೀನು ಎಂಗೂ ತೆರಿಗೆ ಕಟ್ಟಲ್ಲ ಕಣಕ್ಕ. ನಿಂಗೇನು ನಷ್ಟ? ಒಂದ್ ರುಜು ಆಕ್ಬುಡು.”

ಚನ್ನಬಸಮ್ಮ ಹೊಲಿಗೆ ನಿಲ್ಲಿಸಿದಳು. ಚಾಮರಾಜನಗರದಿಂದ ಲೈನಿಂಗ್ ಬಟ್ಟೆ, ನೂಲುಂಡೆ ತಂದ ಬಿಲ್ಲನ್ನು ಅವನ ಮುಂದಿಟ್ಟು, ಕೆಳಗಿದ್ದ ತೆರಿಗೆಯ ಸಾಲು ತೋರಿಸಿದಳು.

“ಇದ ಯಾರ್ಲಾ ಕಟ್ಟಿದ್ದು?”

ರುದ್ರಸ್ವಾಮಿ ಬಿಲ್ಲನ್ನು ಎರಡು ಸಲ ಓದಿದ. “ಸರಿ, ನೀನೂ ಕಟ್ತಿದ್ದೀಯ. ಆದ್ರ ಲಕ್ಷಗಟ್ಟಲೆ ಯಾಪಾರ ಮಾಡಿ ಲೆಕ್ಕ ಮುಚ್ಚಿಡೋರು ಈಗ ಏನೂ ಕಟ್ಟಲ್ಲ. ಇಂಗಾದ್ರ, ಅವ್ರು ಕಾರು ತಕ್ಕೊಂಡಾಗ ಕಟ್ಟಲೇಬೇಕು.”

“ಅದ ನಾನೂ ಒಪ್ತೀನಿ. ಆದ್ರ ನೀನು ಸಂಬ್ಳದಲ್ಲಿ ಅರ್ಧ ಉಳಿಸ್ತೀಯ. ನಮ್ಮನೇಲಿ ಬಂದುದ್ದೆಲ್ಲ ಅಕ್ಕಿ, ಎಣ್ಣೆ, ಸೋಪಿಗೇ ಓಯ್ತದ. ಉಳಿಸ್ದೋರ್ಗೆ ತೆರಿಗೆ ಇಲ್ಲ, ಉಂಡೋರ್ಗೆ ಅದ ಅಂದ್ರ ಎಂಗ್ಲಾ?”

ಅವನನ್ನು ಸೋಲಿಸಬೇಕೆಂದು ಅವಳಿಗಿರಲಿಲ್ಲ. ಇಷ್ಟು ಓದಿದವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಸೋಜಿಗವಾಯಿತು, ಅಷ್ಟೆ.

ರುದ್ರಸ್ವಾಮಿ ಸ್ಟೂಲು ಎಳೆದು ಕೂತು ಪೆನ್ನು ತೆಗೆದ. “ಏನ್ ಬರೀಲಿ ಅಂತ ಏಳು.”

“ಊಟದ ಸಾಮಾನು, ಔಸ್ದಿ, ಮಕ್ಕಳ ಬಟ್ಟೆ, ಇವಕ್ಕೆ ತೆರಿಗೆ ಬ್ಯಾಡ ಅಂತ ಬರಿ.”

ಅವನು ಬರೆದ. ತಮಿಳು ಸಾಲುಗಳ ಕೆಳಗೆ ಅವಳು ಕನ್ನಡದಲ್ಲಿ ರುಜು ಹಾಕಿದಳು.

ಶಾಲೆಯಲ್ಲಿ ಆ ಸಾಲು ಎಲ್ಲರಿಗೂ ರುಚಿಸಲಿಲ್ಲ. ಇಷ್ಟೆಲ್ಲ ಬಿಟ್ಟರೆ ಸರ್ಕಾರ ನಡೆಯುವುದು ಹೇಗೆಂದು ಇಬ್ಬರು ಮೇಷ್ಟ್ರುಗಳು ತಮ್ಮ ಹೆಸರು ಹೊಡೆದುಹಾಕಿದರು. ರುದ್ರಸ್ವಾಮಿ ಸಾಲನ್ನು ಮಾತ್ರ ತೆಗೆಯಲಿಲ್ಲ. ಉಳಿದ ಹದಿನೆಂಟು ರುಜುಗಳೊಂದಿಗೆ ಅರ್ಜಿ ದಿಲ್ಲಿಗೆ ಹೋಯಿತು.

ಮೇ ತಿಂಗಳಲ್ಲಿ ‘ಅರ್ಜಿ ತಲುಪಿದೆ’ ಎಂಬ ಒಂದು ಕಾಗದ ಬಂತು. ಆಮೇಲೆ ಏನೂ ಬರಲಿಲ್ಲ. ಅವನ ಸಂಬಳದಲ್ಲಿ ತೆರಿಗೆ ಮುರಿಯುವುದು ನಿಲ್ಲಲಿಲ್ಲ, ಅವಳ ನೂಲಿನ ಮೇಲಿನದೂ ನಿಲ್ಲಲಿಲ್ಲ.

ಆ ಕಾಗದವನ್ನು ಅವನು ಅಕ್ಕನಿಗೆ ತಂದು ತೋರಿಸಿದ್ದ. ಶಾಲೆ ತೆರೆಯುವ ಮುಂಚಿನ ದಿನಗಳು, ಅಂಗಡಿ ತುಂಬ ಯೂನಿಫಾರ್ಮು. ಅದರಲ್ಲೇನಿದೆ ಎಂದು ಅವನು ಹೇಳಿದ ಮೇಲೆ ಚನ್ನಬಸಮ್ಮ ಅದನ್ನು ಮಡಿಸಿ ಕೊಟ್ಟಳು.

“ಪದ್ಮಶ್ರೀನ ನಾಳೆ ಕರ್ಕೊಂಡ್ ಬಾ. ನಿನ್ನ ಮಗಳು ಉದ್ದ ಆಗವ್ಳೆ, ಓದ ವರ್ಸದ ಅಳತೆ ಸಾಲಲ್ಲ.”